ಕೌದಿಯ ಬೆನ್ನಿನ ಕಣ್ರೆಪ್ಪೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ನೆಬ್ರಾಸ್ಕಾದ ಬೀಲರ್ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ, ಅರ್ಡಿತ್ ಟೀಸ್ಮನ್ ಹೊಲಿದ ಕೌದಿಯನ್ನು ಕೌದಿ ಸಂಘದವರು ತಮ್ಮ ಪ್ರದರ್ಶನದ ಗೋಡೆಯಿಂದ ಇಳಿಸಿ, ನಾಯಿಗಳ ಆಶ್ರಯಕ್ಕೆ ಕಳಿಸುವ ಹಳೇ ಹಾಸುಗಳ ರಾಶಿಯ ಮೇಲೆ ಹಾಕಿದರು. ಮೇಲೊಂದು ಚೀಟಿ ಸಿಕ್ಕಿಸಿದರು. 'ಹಿಂಬದಿಯ ಅಂಚಿನಲ್ಲಿ ಕಣ್ರೆಪ್ಪೆ' ಎಂದು ಅದರಲ್ಲಿ ಬರೆದಿತ್ತು.

ಕೌದಿಗೆ ಕಣ್ರೆಪ್ಪೆ ಎಲ್ಲಿಂದ ಬಂತು ಎಂದು ಕೇಳುವವರು ಬೀಲರಿನಲ್ಲಿ ಯಾರೂ ಇಲ್ಲ. ಅಲ್ಲಿನ ಹೆಣ್ಣುಮಕ್ಕಳು ತಮ್ಮ ಹಾಲುಹಲ್ಲು ಬೀಳುವ ಮೊದಲೇ ಹೊಲಿಗೆ ಯಂತ್ರದ ಹಲ್ಲು ಇಳಿಸುವುದನ್ನು ಕಲಿತಿರುತ್ತಾರೆ. ಬಟ್ಟೆಯನ್ನು ಕಚ್ಚಿ ಮುಂದಕ್ಕೆ ಎಳೆಯುವ ಆ ಹಲ್ಲುಗಳನ್ನು ಇಳಿಸಿಬಿಟ್ಟರೆ ಯಂತ್ರಕ್ಕೆ ದಾರಿಯ ಮೇಲೆ ಅಧಿಕಾರವಿಲ್ಲ. ಎರಡೂ ಕೈಯಲ್ಲಿ ಕೌದಿಯನ್ನು ಹಿಡಿದು, ಓಡುವ ಸೂಜಿಯ ಕೆಳಗೆ ಬೇಕಾದ ಹಾಗೆ ಹೊರಳಿಸುತ್ತ ಹೂವು, ಬಳ್ಳಿ, ಹೆಸರು, ಏನು ಬೇಕಾದರೂ ಬರೆಯಬಹುದು. ಇದು ಬಿಡುಗೈ ಹೊಲಿಗೆ. ಕೈ ಎಷ್ಟೇ ಬಿಡುವಾದರೂ ದಾರದ ಬಿಗಿ ಎಲ್ಲೋ ಒಂದು ಕಡೆ ತಪ್ಪಿತೋ, ಮುಖದಲ್ಲಿ ನಗುತ್ತಿರುವ ಕೌದಿ ಬೆನ್ನಿನಲ್ಲಿ ಅಳುತ್ತದೆ. ತಿರುವು ಬಂದಲ್ಲೆಲ್ಲ ದಾರ ಸಣ್ಣ ಸಣ್ಣ ಕುಣಿಕೆಗಳಾಗಿ, ಕಣ್ಣಿನ ರೆಪ್ಪೆಯ ಹಾಗೆ ಸಾಲಾಗಿ ನಿಂತುಬಿಡುತ್ತದೆ. ಆದ್ದರಿಂದಲೇ ಪ್ರದರ್ಶನದಲ್ಲಿ ಬಿಳಿ ಕೈಗವಸು ತೊಟ್ಟ ಹೆಂಗಸರು ಪ್ರತಿ ಕೌದಿಯ ಪಕ್ಕ ನಿಂತಿರುತ್ತಾರೆ. ಬಂದವರು ಮುಖ ನೋಡಿ "ಆಹಾ" ಎನ್ನುತ್ತಾರೆ, ಆಮೇಲೆ ಕತ್ತು ಕೊಂಕಿಸಿ "ಬೆನ್ನು ತೋರಿಸಿ" ಎನ್ನುತ್ತಾರೆ.

ಅರ್ಡಿತಳ ಕೌದಿ ನೀಲಿ ಅಂಗಿಗಳದ್ದು. ಊರಾಚೆಯ ಮೊಟ್ಟೆ ಕಾರ್ಖಾನೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು, ಒಳಗೆ ರಕ್ತದ ಚುಕ್ಕೆ ಇದೆಯೇ ಎಂದು ನೋಡುತ್ತಿದ್ದಳು. ಕಾರ್ಖಾನೆ ಮುಚ್ಚಿದಾಗ ನಲವತ್ತೊಂದು ಮಂದಿ ತಮ್ಮ ತಮ್ಮ ಕೆಲಸದ ಅಂಗಿಯನ್ನು ಅವಳ ಮನೆ ಜಗಲಿಯ ಮೇಲಿಟ್ಟು ಹೋಗಿದ್ದರು. ಅವಳು ಅವನ್ನು ಕತ್ತರಿಸಿ ಕೂಡಿಸಿ, ಸುತ್ತಲ ಅಂಚಿನಲ್ಲಿ ಬಿಡುಗೈ ಹೊಲಿಗೆಯಲ್ಲಿ ನಲವತ್ತೊಂದು ಹೆಸರು ಬರೆದಳು. ಕೊನೆಯ ಮೂಲೆಯಲ್ಲಿ, ಮುಚ್ಚುವ ಸುದ್ದಿ ತಿಳಿದ ಬಗೆಯ ಬಗ್ಗೆ, ಇನ್ನೊಂದು ಸಾಲು ಇತ್ತು: 'ಮಾರ್ಚ್ ಹದಿನಾಲ್ಕು, ಊಟದ ಹೊತ್ತಿನಲ್ಲಿ, ಧ್ವನಿವರ್ಧಕದಲ್ಲಿ ಹೇಳಿದರು.' ಶನಿವಾರ ಮಧ್ಯಾಹ್ನ ಆ ನಲವತ್ತೊಂದು ಮಂದಿ, ಎಲ್ಲೆಲ್ಲೋ ಕೆಲಸ ಹುಡುಕಿಕೊಂಡು ಚದುರಿ ಹೋದವರು, ತಮ್ಮ ಹೆಸರನ್ನು ಗೋಡೆಯ ಮೇಲೆ ನೋಡಲು ಬರುವವರಿದ್ದರು.

ಕೌದಿಯನ್ನು ನಾಯಿಗಳ ರಾಶಿಗೆ ಹಾಕಿದ ಸುದ್ದಿ ಬಂದಾಗ ಅರ್ಡಿತ್ ಏನೂ ಅನ್ನಲಿಲ್ಲ. ಅವಳು ಅನ್ನಬೇಕಾದ್ದನ್ನೆಲ್ಲ ಅನ್ನಲು ಅವಳಿಗೊಬ್ಬ ಗಂಡನಿದ್ದ.

ವರ್ಲಿನ್ ಟೀಸ್ಮನ್ ನಲವತ್ತು ವರ್ಷ ಜೋಳದ ಕಟಾವು ಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಹತ್ತು ಬೆರಳೂ ಉಳಿದಿರುವ ನಿವೃತ್ತ ಮೆಕ್ಯಾನಿಕ್ ಆ ಜಿಲ್ಲೆಯಲ್ಲಿ ಅವನೊಬ್ಬನೇ. ಅದಕ್ಕೆ ಕಾರಣ ಅವನ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ಮೇಲೆತ್ತಿದ್ದರ ಕೆಳಗೆ ಕೈ ಹಾಕಬೇಡ. ಮೊದಲು ಇಳಿಸು.' ಕಟಾವು ಯಂತ್ರದ ಮುಂದಿನ ಕತ್ತರಿಸುವ ಬಾಯಿಯನ್ನು ಎತ್ತಿದ್ದಾಗ ಅದರ ಕೆಳಗೆ ಕೈ ಹಾಕಿದ ಎಷ್ಟೋ ಜನ ಈಗ ಎಡಗೈಯಲ್ಲಿ ಕಾಫಿ ಕುಡಿಯುತ್ತಾರೆ. ವರ್ಲಿನ್ ಕೋಳಿಗೂಡಿನ ಬಾಗಿಲನ್ನೂ ಇಳಿಸಿಯೇ ಮೊಟ್ಟೆಗೆ ಕೈ ಹಾಕುವವನು.

ನಿವೃತ್ತಿಯಾದ ಮೇಲೆ ರಿಪೇರಿಗೆ ಯಂತ್ರಗಳಿಲ್ಲದೆ ಅವನ ಕೈ ತುರಿಸುತ್ತಿತ್ತು. ಬಿಡುಗೈ ಹೊಲಿಗೆಗೆ ಎಂಟು ಗಂಟೆಗೊಮ್ಮೆ ಸೂಜಿ ಬದಲಿಸಬೇಕು, ಮೊಂಡಾದ ಸೂಜಿ ಹೊಲಿಗೆ ಹಾರಿಸುತ್ತದೆ ಎಂದು ಅರ್ಡಿತ್ ಒಂದು ದಿನ ಬಾಯಿತಪ್ಪಿ ಹೇಳಿದಳು. ಮರುದಿನ ಅವಳ ಹೊಲಿಗೆ ಯಂತ್ರದ ನೆತ್ತಿಯ ಮೇಲೆ ಗುಜರಿ ಸೇರಿದ ಕಟಾವು ಯಂತ್ರವೊಂದರ ಗಂಟೆಮಾಪಕ ಕುಳಿತಿತ್ತು. ಅದು ಸಂಸಾರದ ಮೂರನೆಯ ಸದಸ್ಯನಂತೆ ಟಿಕ್ ಟಿಕ್ ಎನ್ನುತ್ತಿತ್ತು.

ಕೌದಿ ಮುಗಿಯುವ ವಾರದ ಸೋಮವಾರ ಮಾಪಕ ಎಂಟು ತೋರಿಸಿತು. ಅರ್ಡಿತ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ವರ್ಲಿನ್ ಕೈ ತೊಳೆದು, ಶಸ್ತ್ರಚಿಕಿತ್ಸೆಗೆ ಇಳಿಯುವವನಂತೆ ಯಂತ್ರದ ಮುಂದೆ ಕುಳಿತ. ಡಬ್ಬಿಯಲ್ಲಿ ಎಂಬತ್ತು, ತೊಂಬತ್ತು, ನೂರು ಎಂದು ಅಂಕಿ ಹಾಕಿದ ಸೂಜಿಗಳಿದ್ದವು. ಕೆಲಸದ ಅಂಗಿಯ ಬಟ್ಟೆ ದಪ್ಪ, ನಡುವೆ ಹತ್ತಿ, ಕೆಳಗೆ ಇನ್ನೊಂದು ಪದರ. ದಪ್ಪ ಕೆಲಸಕ್ಕೆ ದಪ್ಪ ಬೈರಿಗೆ. ಹೀಗೆ ಯೋಚಿಸಿ ಅವನು ಡಬ್ಬಿಯ ತಳದಲ್ಲಿದ್ದ ನೂರಹತ್ತರ ಸೂಜಿಯನ್ನು ಆರಿಸಿದ. ಅದು ಗೋಣಿಚೀಲ ಹೊಲಿಯುವ ದಬ್ಬಳದ ಖಾಸಾ ತಮ್ಮ. ಯಂತ್ರಕ್ಕೆ ಕೈ ಹಾಕುವ ಮುಂಚೆ ನಲವತ್ತು ವರ್ಷದ ಅಭ್ಯಾಸದಂತೆ ಎಲ್ಲವನ್ನೂ ಇಳಿಸಿ ಭದ್ರಪಡಿಸಿಕೊಂಡ. ಹಳೆಯ ದಾರ ಕಿತ್ತು, ಎಣ್ಣೆ ಬಿಟ್ಟು, ಯಂತ್ರದ ಮೇಲೆ ಬಾಣದ ಗುರುತು ತೋರಿಸಿದ ಕಡೆಯೆಲ್ಲ ಹೊಸ ದಾರ ಹಾಯಿಸಿ ಪೋಣಿಸಿದ. ಆಮೇಲೆ ಕಾಫಿ ಅಂಗಡಿಗೆ ಹೋಗಿ ಎಲ್ಲರಿಗೂ ಹೇಳಿದ.

"ಯಂತ್ರ ಅಂದ್ರೆ ಯಂತ್ರ ಕಣ್ರಯ್ಯ. ನಲವತ್ತು ವರ್ಷದಿಂದ ಹೆಂಗಸರು ಇದನ್ನ ದೊಡ್ಡ ವಿದ್ಯೆ ಅಂತ ಮುಚ್ಚಿಟ್ಕೊಂಡಿದ್ರು. ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಬಂದೆ."

ಮಂಗಳವಾರ ಅರ್ಡಿತ್ ಯಂತ್ರವನ್ನು ಚರ್ಚಿಗೆ ಒಯ್ದು, ಸಂಘದವರ ಜೊತೆ ಕುಳಿತು ಅಂಚಿನ ಹೊಲಿಗೆ ಮುಗಿಸಿದಳು. ಬುಧವಾರ ಸುತ್ತ ಪಟ್ಟಿ ಕಟ್ಟಿ ಕೊಟ್ಟುಬಂದಳು. ಗುರುವಾರ ಈ ಸುದ್ದಿ.

"ಕಣ್ರೆಪ್ಪೆಯಂತೆ," ಎಂದ ವರ್ಲಿನ್. "ನಾನು ಸರ್ವಿಸ್ ಮಾಡಿದ ಯಂತ್ರದಲ್ಲಿ."

"ವರ್ಲಿನ್, ಅದೇ ವಿಷಯ. ಸೋಮವಾರ ನೀನು..."

"ನೀನು ಸುಮ್ನಿರು. ನೀನು ನೊಂದಿದ್ದೀಯ. ಇದನ್ನ ನಾನು ನೋಡ್ಕೋತೀನಿ."

ಅವನು ಯಂತ್ರದ ಮುಂದೆ ಮಂಡಿಯೂರಿದ. ಟಾರ್ಚು ಬಿಟ್ಟ. ಹಾಗೇ ಹಿಂದಕ್ಕೆ ಸರಿದ.

ಸೂಜಿ ಬೇರೆ. ಅವನು ಹಾಕಿದ ನೂರಹತ್ತರ ಧೀರ ಸೂಜಿ ಅಲ್ಲಿರಲಿಲ್ಲ. ಆ ಜಾಗದಲ್ಲಿ ತೊಂಬತ್ತರ ಒಂದು ತೆಳ್ಳನೆಯ ಸೂಜಿ ಏನೂ ಗೊತ್ತಿಲ್ಲದವಳ ಹಾಗೆ ನಿಂತಿತ್ತು.

"ಸೂಜಿ ಬದಲಾಯಿಸಿದ್ದಾರೆ," ಎಂದ ವರ್ಲಿನ್, ಕೊಲೆಯಾದ ಕೋಣೆಯಲ್ಲಿ ನಿಂತವನ ದನಿಯಲ್ಲಿ.

"ಹೌದು, ಆ ಸೂಜಿ..." ಎಂದಳು ಅರ್ಡಿತ್.

"ಮುಟ್ಟಬೇಡ. ಬೆರಳಿನ ಗುರುತು ಇರುತ್ತೆ."

ಆಮೇಲಿನ ತರ್ಕವನ್ನು ಅವನು ಒಂದೊಂದೇ ಬೋಲ್ಟು ಬಿಗಿದಂತೆ ಬಿಗಿದ. ಯಂತ್ರ ಮನೆಬಿಟ್ಟು ಹೋದದ್ದು ಮಂಗಳವಾರ ಮಾತ್ರ. ಹೋದದ್ದು ಚರ್ಚಿಗೆ. ಅಲ್ಲಿ ಅರ್ಡಿತಳ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವಳು ಸಂಘದ ಅಧ್ಯಕ್ಷೆ ಲವೋನ್ ಹ್ಯಾಕ್‌ಬಾರ್ಟ್. ಕೌದಿ ಇಳಿಸಿದ್ದೂ ಲವೋನ್. ಕುಣಿಕೆ ಬಿದ್ದಿರುವುದು ಕೆಳಗಡೆ, ಕೆಳಗಡೆ ಇರುವುದು ಬಾಬಿನ್, ಅಡಿದಾರ ಸುತ್ತಿದ ಉರುಳೆ. ಅಂದಮೇಲೆ ಅವಳು ಸೂಜಿಯನ್ನೂ ಬದಲಿಸಿದ್ದಾಳೆ, ಬಾಬಿನ್ನಿನ ತಿರುಪನ್ನೂ ಸಡಿಲಿಸಿದ್ದಾಳೆ. ಅರ್ಡಿತ್ ಬಚ್ಚಲಿಗೆ ಎದ್ದು ಹೋದದ್ದು ಯಾವಾಗ?

"ವರ್ಲಿನ್," ಎಂದಳು ಅರ್ಡಿತ್, "ಒಂದು ನಿಮಿಷ ನನ್ನ ಮಾತು..."

"ನಿನಗೆ ನ್ಯಾಯ ಕೊಡಿಸದೆ ನಾನು ಊಟ ಮಾಡಲ್ಲ," ಎಂದು ಅವನು ಎದ್ದ. ಆದರೆ ಅವತ್ತು ಬಾಣಲೆಯಲ್ಲಿ ಹಂದಿಮಾಂಸ ಬೇಯುತ್ತಿತ್ತು. ನ್ಯಾಯವನ್ನು ಊಟದ ನಂತರಕ್ಕೆ ಮುಂದೂಡಲಾಯಿತು.

ಶುಕ್ರವಾರ ಬೆಳಿಗ್ಗೆ ಕಾಫಿ ಅಂಗಡಿಯ ಉದ್ದ ಮೇಜಿನಲ್ಲಿ, ಚರ್ಮದ ಲೋಟದಲ್ಲಿ ದಾಳ ಕುಲುಕಿ ಅವತ್ತಿನ ಕಾಫಿ ಯಾರ ತಲೆಗೆ ಎಂದು ತೀರ್ಮಾನಿಸುವ ಹೊತ್ತಿಗೆ, ವರ್ಲಿನ್ ತನ್ನ ದೂರನ್ನು ಮಂಡಿಸಿದ.

"ನೂರಹತ್ತು ತೆಗೆದು ತೊಂಬತ್ತು ಹಾಕಿದ್ದಾರಾ?" ಎಂದ ಡ್ವೇನ್. ಅವನಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಆದರೆ ಇಪ್ಪತ್ತು ಕಳೆದುಹೋದದ್ದು ಅವನಿಗೆ ಅನ್ಯಾಯವೆನಿಸಿತು. "ಹಾಗಾದ್ರೆ ಇದು ಸಣ್ಣ ವಿಷಯ ಅಲ್ಲ."

"ನನ್ನ ಹೆಂಡ್ತಿ ಯಂತ್ರಕ್ಕೂ ಯಾರೋ ಕೈ ಹಾಕಿರಬೇಕು," ಎಂದ ಇನ್ನೊಬ್ಬ. "ಮೂರು ವರ್ಷದಿಂದ ಬಹುಮಾನವೇ ಬಂದಿಲ್ಲ."

"ನಿನ್ನ ಹೆಂಡ್ತಿಗೆ ಹೊಲಿಯೋಕೆ ಬರಲ್ಲ ಮಾರಾಯ."

"ಅದು ಬೇರೆ ಮಾತು. ಕೈ ಹಾಕಿದ್ದು ಕೈ ಹಾಕಿದ್ದೇ."

ಮಧ್ಯಾಹ್ನದ ಹೊತ್ತಿಗೆ ಉಪ ಶೆರಿಫ್ ಟ್ರೆಂಟ್ ವರ್ಲಿನ್‌ನ ಅಡುಗೆಮನೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ನನ್ನಮ್ಮ ಆ ಸಂಘದ ಕಾರ್ಯದರ್ಶಿ, ವರ್ಲಿನ್," ಎಂದ. "ನಾನು ಅಧ್ಯಕ್ಷೆ ಮೇಲೆ ಕೇಸು ಹಾಕಿದ್ರೆ ಭಾನುವಾರ ಊಟ ಎಲ್ಲಿ ಮಾಡ್ಲಿ?"

"ಕಾನೂನಿಗೆ ತಾಯಿ ಇಲ್ಲ."

"ಕಾನೂನಿಗೆ ಇಲ್ಲ. ನನಗೆ ಇದಾಳೆ. ನೀವು ಅವಳನ್ನ ನೋಡಿದೀರಿ."

"ಟ್ರೆಂಟ್, ಆ ಸೂಜಿ ಬಗ್ಗೆ ನಾನೊಂದು ಹೇಳಲಾ," ಎಂದಳು ಅರ್ಡಿತ್ ಒಲೆಯ ಹತ್ತಿರದಿಂದ.

"ಸಂತ್ರಸ್ತೆಗೆ ತೊಂದರೆ ಕೊಡಬೇಡ," ಎಂದು ವರ್ಲಿನ್ ಅಡ್ಡಬಂದ. ಟ್ರೆಂಟ್ ತೊಂಬತ್ತರ ಸೂಜಿಯನ್ನು ಇಕ್ಕಳದಲ್ಲಿ ಕಳಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ದಿನಾಂಕ ಬರೆದು ಒಯ್ದ. ಬೀಲರ್ ಊರಿನ ಪೊಲೀಸು ಇತಿಹಾಸದಲ್ಲಿ ಅದಕ್ಕೆ ಮೊದಲು ಜಪ್ತಿಯಾಗಿದ್ದದ್ದು ಒಂದು ಆಡು ಮಾತ್ರ.

ಅಷ್ಟಕ್ಕೆ ವರ್ಲಿನ್‌ಗೆ ಸಮಾಧಾನವಾಗಲಿಲ್ಲ. ಶೆಡ್ಡಿಗೆ ಹೋಗಿ, ನೀರಾವರಿಯ ಹಳೇ ಪೈಪೊಂದನ್ನು ಬೆಸುಗೆ ಹಾಕಿ ಒಂಬತ್ತು ಅಡಿಯ ಸೂಜಿ ಮಾಡಿದ. ತುದಿ ಚೂಪು, ಬುಡದಲ್ಲಿ ಕಣ್ಣು. ಅದನ್ನು ತನ್ನ ಟ್ರಕ್ಕಿನ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಹಲಗೆಯ ಮೇಲೆ 'ಸೂಜಿ ಬದಲಿಸಿದ್ದು ಯಾರು?' ಎಂದು ಬರೆದು, ಚರ್ಚಿನ ಬಾಗಿಲಿಗೆ ಸರಿಯಾಗಿ ಎದುರು ನಿಲ್ಲಿಸಿದ. ಪ್ರತಿಭಟನೆ ಎಂದರೆ ಹೀಗಿರಬೇಕು ಎಂದು ತೋಳು ಕಟ್ಟಿ ಕುಳಿತ.

ಪ್ರತಿಭಟನೆಯ ಪರಿಣಾಮ ಊಹೆಗೂ ಮೀರಿತು. ಹೆದ್ದಾರಿಯಲ್ಲಿ ಹೋಗುತ್ತಿದ್ದವರೆಲ್ಲ, ಪ್ರದರ್ಶನದವರು ಎಂಥ ಜಾಹೀರಾತು ಮಾಡಿದ್ದಾರೆ ಎಂದು ಬಂಡಿ ತಿರುಗಿಸಿ ಬಂದರು. ಪಕ್ಕದ ಜಿಲ್ಲೆಯಿಂದ ಎರಡು ಬಸ್ಸು ತುಂಬ ಹೆಂಗಸರು ಬಂದು ಸೂಜಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬಾಕೆ ವರ್ಲಿನ್‌ನ ಕೈ ಕುಲುಕಿ, "ಗಂಡಸರು ಹೀಗೆ ಸಂಘಕ್ಕೆ ದುಡಿಯೋದು ಎಲ್ಲೂ ನೋಡಿಲ್ಲ," ಎಂದಳು. "ಆದ್ರೆ ಬಿಡುಗೈಗೆ ಇದು ಸ್ವಲ್ಪ ದಪ್ಪ ಆಯ್ತು."

ಸಂಜೆ ನಾಲ್ಕಕ್ಕೆ ಲವೋನ್ ಮೆಟ್ಟಿಲು ಹತ್ತಿ ಬಂದಳು. ಮುಚ್ಚಿದ ಮೊಟ್ಟೆ ಕಾರ್ಖಾನೆಯ ಮ್ಯಾನೇಜರನ ಹೆಂಡತಿ. ಮುಚ್ಚಿದ ಮೇಲೆ ಕಂಪನಿ ಅವನೊಬ್ಬನನ್ನು ಉಳಿಸಿಕೊಂಡು ಇನ್ನೂ ದೊಡ್ಡ ಕಾರ್ಖಾನೆಗೆ ಹಾಕಿತ್ತು.

"ವರ್ಲಿನ್, ನಾನು ನಿನ್ನ ಹೆಂಡತಿಯ ಸೂಜಿ ಕದ್ದೆ ಅಂತೀಯಾ?"

"ಬದಲಿಸಿದೆ ಅಂತೀನಿ. ಕದ್ದಿದ್ದು ನೂರಹತ್ತು. ಎರಡು ಬೇರೆ ಬೇರೆ ಅಪರಾಧ."

"ನಾಳೆ ಹನ್ನೊಂದಕ್ಕೆ ಯಂತ್ರ ತಗೊಂಡು ಒಳಗೆ ಬಾ. ಲಿಬ್ಬಿ ವ್ರಬ್ಕಾ ಬರ್ತಾರೆ. ಅವರು ಹೇಳಿದ್ದು ಕೊನೆ ಮಾತು."

ಲಿಬ್ಬಿ ವ್ರಬ್ಕಾ ಎಂದರೆ ಎಂಬತ್ತಾರು ವರ್ಷದ ಮುದುಕಿ. ಆ ಜಿಲ್ಲೆಯ ಹೊಲಿಗೆ ಯಂತ್ರಗಳನ್ನೆಲ್ಲ ರಿಪೇರಿ ಮಾಡಿದವಳು, ಅವುಗಳ ಮುಂದೆ ಕೂರುವವರನ್ನೂ ರಿಪೇರಿ ಮಾಡಿದವಳು. ಅವಳ ಹೆಸರು ಕೇಳಿ ವರ್ಲಿನ್‌ಗೆ ಖುಷಿಯಾಯಿತು. ಮನೆಗೆ ಬಂದು, "ನಾಳೆ ನೋಡ್ತಾ ಇರು," ಎಂದ.

"ನಾಳೆವರೆಗೂ ಯಾಕೆ? ಈಗಲೇ ನಾನು..." ಎಂದಳು ಅರ್ಡಿತ್.

"ನಾಳೆ," ಎಂದ ವರ್ಲಿನ್.

ಅರ್ಡಿತ್ ಅವನನ್ನು ಒಂದು ಕ್ಷಣ, ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವ ಹಾಗೆ ನೋಡಿದಳು. "ಸರಿ," ಎಂದಳು. "ನಾಳೆ."

ಶನಿವಾರ ಹನ್ನೊಂದಕ್ಕೆ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಿಚಾರಣೆ ಇದೆ ಎಂದು ಯಾರೂ ಸಾರಿರಲಿಲ್ಲ, ಆದರೂ ಊರಿನ ಹೆಂಗಸರು ಮೂವತ್ತೆರಡು ತಟ್ಟೆ ಸಿಹಿ ಮಾಡಿಕೊಂಡು ಬಂದಿದ್ದರು. ಡ್ವೇನ್ ಮುಂದಿನ ಸಾಲಿನಲ್ಲಿ ಕುಂಬಳದ ಸಿಹಿತುಂಡು ಹಿಡಿದು ಕುಳಿತಿದ್ದ. ಮೂಲೆಯಲ್ಲಿ ನಾಯಿಹಾಸುಗಳ ರಾಶಿಯ ಮೇಲೆ ನೀಲಿ ಕೌದಿ ಮಡಿಸಿಕೊಂಡು ಬಿದ್ದಿತ್ತು.

ಟ್ರೆಂಟ್ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟ. ಲಿಬ್ಬಿ ಸೂಜಿಯನ್ನು ತೆಗೆದು ಭೂತಗನ್ನಡಿಯ ಕೆಳಗೆ ಹಿಡಿದಳು. ಉಗುರಿನಿಂದ ಅದರ ಮೈ ಸವರಿದಳು.

"ತೊಂಬತ್ತು," ಎಂದಳು. "ಉದ್ದ ಕಣ್ಣು, ಚೂಪು ಮೊನೆ. ಬಿಡುಗೈಗೆ ಇದಕ್ಕಿಂತ ಒಳ್ಳೆ ಸೂಜಿ ಇಲ್ಲ. ನಾನೇ ಮಾರಿದ್ದು. ಯಾರು ಹಾಕಿದ್ರೋ ಅವರಿಗೆ ಬುದ್ಧಿ ಇದೆ."

"ಆದ್ರೆ ನಾನು ಹಾಕಿದ್ದು ನೂರಹತ್ತು," ಎಂದ ವರ್ಲಿನ್. "ದಪ್ಪ ಬಟ್ಟೆಗೆ..."

"ಸೂಜಿ ಆರಿಸೋದು ಬಟ್ಟೆ ದಪ್ಪ ನೋಡಿ ಅಲ್ಲ ಮಗಾ, ದಾರ ನೋಡಿ. ದಾರ ಕಣ್ಣಲ್ಲಿ ಉಜ್ಜದೆ ಓಡಬೇಕು. ಕಣ್ಣು ಸಣ್ಣದಾದ್ರೆ ದಾರ ಎಳೆ ಬಿಡುತ್ತೆ. ಸೂಜಿ ದಪ್ಪ ಆದ್ರೆ ತೂತಿಂದ ಹತ್ತಿ ಇಣುಕುತ್ತೆ. ಈಗ ನೀನು ಬಾಯಿ ಮುಚ್ಚು. ಅರ್ಡಿತ್, ಗುರುವಾರದಿಂದ ನಿನ್ನ ಬಾಯಿ ತೆರೆದೇ ಇದೆ ಅಂತ ಕೇಳಿದೆ. ಹೇಳು."

"ಸೂಜಿ ಬದಲಿಸಿದ್ದು ನಾನೇ," ಎಂದಳು ಅರ್ಡಿತ್.

ಡ್ವೇನ್‌ನ ಸಿಹಿತುಂಡು ನೆಲಕ್ಕೆ ಬಿತ್ತು.

"ಮಂಗಳವಾರ ಇಲ್ಲಿ ಬಂದು ಕೂತೆ. ನೋಡಿದ್ರೆ ಯಂತ್ರದಲ್ಲಿ ಬೇಲಿ ಗೂಟ ನಿಂತಿದೆ. ತೆಗೆದೆ, ನನ್ನದು ಹಾಕ್ಕೊಂಡೆ. ಕಣ್ಣಿಗೆ ಮಾತ್ರ ದಾರ ಮತ್ತೆ ಪೋಣಿಸಿದೆ. ಮೇಲಿನದೆಲ್ಲ ಇವನು ಹಾಯಿಸಿದ ಹಾಗೇ ಬಿಟ್ಟೆ. ಬೆನ್ನು ನೋಡಿದ್ದು ಬುಧವಾರ, ಪಟ್ಟಿ ಕಟ್ಟುವಾಗ. ಬಿಚ್ಚೋಕೆ ಹೊತ್ತಿರಲಿಲ್ಲ."

ವರ್ಲಿನ್‌ನ ಮುಖದ ಬಣ್ಣ ಕೌದಿಯ ನೀಲಿಗೆ ಹತ್ತಿರವಾಯಿತು. "ನನಗೆ ಯಾಕೆ ಹೇಳಲಿಲ್ಲ?"

"ಗುರುವಾರದಿಂದ ಹನ್ನೊಂದು ಸಲ ಶುರು ಮಾಡಿದೀನಿ."

"ಹನ್ನೆರಡು," ಎಂದ ಟ್ರೆಂಟ್. "ನನ್ನೆದುರು ಒಂದಾಯ್ತು."

"ಆದ್ರೆ ಕಣ್ರೆಪ್ಪೆ ಬಂದಿದ್ದು ಕೆಳಗಿಂದ," ಎಂದು ವರ್ಲಿನ್ ಮುಳುಗುವವನಂತೆ ಕೈ ಬಡಿದ. "ಬಾಬಿನ್ನಿನ ತಿರುಪು..."

ಲಿಬ್ಬಿ ಮೇಜಿನ ಮೇಲಿದ್ದ ಅರ್ಡಿತಳ ಯಂತ್ರದಿಂದ ಬಾಬಿನ್ನನ್ನು ಹೊರತೆಗೆದು, ದಾರದಲ್ಲಿ ನೇತುಬಿಟ್ಟು ಅಲುಗಿಸಿದಳು. ಅದು ಸ್ವಲ್ಪ ಜಾರಿ ನಿಂತಿತು. "ತಿರುಪು ಸರಿ ಇದೆ," ಎಂದು ಒಳಗಿಟ್ಟಳು. "ಸೋಮವಾರ ನೀನು ಹೇಗೆ ಪೋಣಿಸಿದೆಯೋ ಹಾಗೇ ಈಗ ಪೋಣಿಸು. ಒಂದೂ ಬಿಡಬೇಡ."

ವರ್ಲಿನ್ ಕುರ್ಚಿ ಎಳೆದುಕೊಂಡ. ಇಲ್ಲಿಯಾದರೂ ತನ್ನ ಶಿಸ್ತು ಎಂಥದೆಂದು ಜಗತ್ತು ನೋಡಲಿ ಎಂದುಕೊಂಡ. ತೋಳು ಮಡಿಸಿದ. ಯಂತ್ರದ ಹಿಂದೆ ಕೈ ಹಾಕಿ, ಬಟ್ಟೆಯನ್ನು ಒತ್ತಿಹಿಡಿಯುವ ಪಾದವನ್ನು ಕಟ್ ಎಂದು ಇಳಿಸಿದ. ಆಮೇಲೆ ದಾರಕ್ಕೆ ಕೈ ಹಾಕಿದ.

ನೆಲಮಾಳಿಗೆಯಲ್ಲಿದ್ದ ನೂರಿಪ್ಪತ್ತು ಹೆಂಗಸರು ಒಟ್ಟಿಗೆ ಉಸಿರು ಒಳಗೆಳೆದುಕೊಂಡರು. ಗೋಡೆಯ ಮೇಲಿನ ಕೌದಿಗಳು ಅಲ್ಲಾಡಿದವು ಎಂದು ಕೆಲವರು ಈಗಲೂ ಹೇಳುತ್ತಾರೆ.

"ನಿಲ್ಲು," ಎಂದಳು ಲಿಬ್ಬಿ. "ಪಾದ ಯಾಕೆ ಇಳಿಸಿದೆ?"

"ಮೇಲೆತ್ತಿದ್ದರ ಕೆಳಗೆ ಕೈ ಹಾಕಬಾರದು. ಮೊದಲು ಇಳಿಸಬೇಕು. ನಲವತ್ತು ವರ್ಷ..." ವರ್ಲಿನ್ ತನ್ನ ಹತ್ತು ಬೆರಳನ್ನೂ ಸಾಕ್ಷಿಗೆ ಎತ್ತಿ ತೋರಿಸಿದ.

ಲಿಬ್ಬಿ ಅವನ ಒಂದು ಬೆರಳನ್ನು ಹಿಡಿದು ಯಂತ್ರದ ಮುಂಭಾಗದಲ್ಲಿಟ್ಟಳು. "ಇದರೊಳಗೆ ಎರಡು ಬಿಲ್ಲೆ ಇವೆ. ಪಾದ ಇಳಿಸಿದ್ರೆ ಎರಡೂ ಹಲ್ಲು ಕಚ್ಚಿಕೊಳ್ತವೆ. ಆಗ ನೀನು ದಾರ ಹಾಕಿದ್ರೆ ಅದು ಒಳಗೆ ಹೋಗಲ್ಲ, ಹೊರಗೇ ಜಾರುತ್ತೆ. ಬಿಗಿ ಎಲ್ಲಿಂದ ಬರಬೇಕು? ಪಾದ ಎತ್ತು, ದಾರ ಪೋಣಿಸು, ಆಮೇಲೆ ಇಳಿಸು. ಆರು ವರ್ಷದ ಹುಡುಗಿಗೆ ಮೊದಲ ದಿನ ಹೇಳಿಕೊಡೋದು ಇದು."

"ಆದ್ರೆ ಕುಣಿಕೆ ಕೆಳಗೆ..."

"ಕೆಳಗೆ ಕಂಡ ತಪ್ಪು ಮೇಲಿಂದ ಬಂದಿರುತ್ತೆ ಮಗಾ. ಎಲ್ಲರೂ ಮೊದಲು ಬೈಯೋದು ಮಾತ್ರ ಕೆಳಗಿರೋ ಬಾಬಿನ್ನನ್ನೇ."

ಎದ್ದು ನಿಂತಾಗ ವರ್ಲಿನ್‌ಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊರಗೆ ಒಂಬತ್ತು ಅಡಿಯ ಸೂಜಿ ಇನ್ನೂ ನಿಂತಿತ್ತು. "ಲವೋನ್," ಎಂದ. "ನಾನು ಕತ್ತೆ. ತಪ್ಪಾಯ್ತು."

"ಆಯ್ತು ಬಿಡು," ಎಂದಳು ಲವೋನ್, ಗೆದ್ದವರ ದೊಡ್ಡತನದಿಂದ. "ಒಂದು ಕಾಫಿ ಕುಡಿ."

"ಕಾಫಿ ಆಮೇಲೆ," ಎಂದಳು ಲಿಬ್ಬಿ. ಅವಳ ಕೈಯಲ್ಲಿ ಕೌದಿಗೆ ಸಿಕ್ಕಿಸಿದ್ದ ಆ ಚೀಟಿ ಇತ್ತು. "ಕಣ್ರೆಪ್ಪೆಗೆ ಎರಡು ಅಂಕ ಕಡಿಮೆ. ಈ ನಿಯಮ ಬರೆದಿದ್ದು ನಾನೇ. ಬೆಳಿಗ್ಗೆಯಿಂದ ಈ ಗೋಡೆಗಳ ಮೇಲೆ ಕಣ್ರೆಪ್ಪೆ ಇರೋ ಕೌದಿ ಆರು ಎಣಿಸಿದೆ. ಒಂದು ನಿಂದೇ, ಲವೋನ್. ಅವೆಲ್ಲ ಗೋಡೆ ಮೇಲೇ ಇವೆ. ಇದೊಂದು ನಾಯಿಗೆ ಹೋಗಿದ್ದು ಯಾವ ನಿಯಮದ ಪ್ರಕಾರ?"

ಲವೋನ್ ಕುತ್ತಿಗೆಯ ಮಣಿಸರವನ್ನು ಒಮ್ಮೆ ತಿರುಗಿಸಿದಳು. "ಈ ವರ್ಷದ ಬಹುಮಾನದ ರಿಬ್ಬನ್ನು, ಕಾಫಿ, ಈ ಜಾಗದ ಬಾಡಿಗೆ ಎಲ್ಲ ಕೊಟ್ಟಿದ್ದು ಮೊಟ್ಟೆ ಕಂಪನಿ. ಅವರ ಕಡೆಯವರು ಎರಡು ಗಂಟೆಗೆ ನೋಡೋಕೆ ಬರ್ತಾರೆ. ಆ ಮೂಲೆಯ ಸಾಲು ಅವರ ಕಣ್ಣಿಗೆ ಬಿದ್ರೆ ಚೆನ್ನಾಗಿರಲ್ಲ. ನಾನೇನು ಕಟುಕಿ ಅಲ್ಲ. ಹೆಸರುಗಳು ಇರಲಿ. ಆ ಒಂದು ಸಾಲು ಬಿಚ್ಚಿಬಿಡಿ, ಈಗಲೇ ಗೋಡೆಗೆ ಹಾಕ್ತೀನಿ. ಹೇಗೂ ಕಣ್ರೆಪ್ಪೆ ಜಾಸ್ತಿ ಇರೋದೂ ಅಲ್ಲೇ." 

ಅವಳು ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಮೇಜಿನ ಮೇಲಿಂದ ಎತ್ತಿ ವರ್ಲಿನ್‌ನ ಕೈಗಿಟ್ಟಳು. "ನೀನು ಮಾಡಿದ ತಪ್ಪು. ನೀನೇ ಬಿಚ್ಚು. ಎಲ್ಲರಿಗೂ ಒಳ್ಳೇದಾಗುತ್ತೆ."

ವರ್ಲಿನ್ ಕೊಕ್ಕೆ ಹಿಡಿದು ನಿಂತ. ಆ ಘಳಿಗೆಯಲ್ಲಿ ಅವನಿಗೆ ಚರ್ಚಿನ ಛಾವಣಿ ಬಿಚ್ಚು ಎಂದಿದ್ದರೂ ಬಿಚ್ಚುತ್ತಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲುಗಳ ಸದ್ದಾಯಿತು. ಮೊಟ್ಟೆ ಕಾರ್ಖಾನೆಯವರು ಒಬ್ಬರ ಹಿಂದೊಬ್ಬರು ಇಳಿದು ಬಂದರು. ಶನಿವಾರದ ಒಳ್ಳೆಯ ಬಟ್ಟೆ ತೊಟ್ಟಿದ್ದರು. ಮುಂದೆ ಇದ್ದವಳು ಎಸ್ಪೆರಾನ್ಸಾ, ಹನ್ನೆರಡು ವರ್ಷ ಅರ್ಡಿತಳ ಪಕ್ಕದಲ್ಲಿ ನಿಂತು ಮೊಟ್ಟೆ ತೊಳೆದವಳು. ಅವಳು ಗೋಡೆಗಳನ್ನೆಲ್ಲ ಒಂದು ಸುತ್ತು ಹುಡುಕಿದಳು. ಆಮೇಲೆ ಮೂಲೆಯ ರಾಶಿಯಲ್ಲಿ ನೀಲಿ ಕಂಡು ಅತ್ತ ನಡೆದಳು. ಕೌದಿಯ ಒಂದು ಅಂಚು ಎತ್ತಿ, ಬೆರಳಿನಿಂದ ಸವರುತ್ತ ಓದಿದಳು.

"ಇದು ನನ್ನ ಹೆಸರು," ಎಂದಳು. ಕೊನೆಯ ಮೂಲೆಯ ಸಾಲನ್ನೂ ಓದಿದಳು. "ಆ ಧ್ವನಿವರ್ಧಕ ಕಿರುಚುವಾಗ ನನ್ನ ಬಾಯಲ್ಲಿ ರೊಟ್ಟಿ ಇತ್ತು ಅರ್ಡಿತ್. ನುಂಗಲಾ ಉಗೀಲಾ ಗೊತ್ತಾಗಲಿಲ್ಲ." ರಾಶಿಯನ್ನು ನೋಡಿದಳು. "ಇದು ಇಲ್ಲಿ ಯಾಕಿದೆ?"

ಎಲ್ಲರೂ ವರ್ಲಿನ್‌ನ ಕಡೆ ನೋಡಿದರು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಅವನ ಬಾಯಿ ತಾನಾಗಿಯೇ ಓಡುವುದು ವಾಡಿಕೆ. ಅದು ತೆರೆಯಿತು ಕೂಡ. ಮತ್ತೆ ಮುಚ್ಚಿತು.

"ಅರ್ಡಿತ್," ಎಂದ, "ನೀನೇನು ಹೇಳ್ತೀಯ?"

ಹೇಳಿ ಕಾದ. ಕಾಯುವುದು ಅವನಿಗೆ ಹೊಸ ಕೆಲಸ. ಅದಕ್ಕೊಂದು ಮಾಪಕವಿದ್ದರೆ ಚೆನ್ನಾಗಿತ್ತು ಎನಿಸಿತು.

"ಏಣಿ ತಗೊಂಡು ಬಾ," ಎಂದಳು ಅರ್ಡಿತ್.

ವರ್ಲಿನ್ ಕೊಕ್ಕೆಯನ್ನು ಜೇಬಿಗೆ ಹಾಕಿ, ಅಡುಗೆಕೋಣೆಯ ಹಿಂದಿದ್ದ ಏಣಿ ತಂದು ಖಾಲಿ ಗೋಡೆಗೆ ನಿಲ್ಲಿಸಿದ. ಎಸ್ಪೆರಾನ್ಸಾ ಮತ್ತು ಇನ್ನಿಬ್ಬರು ಕೌದಿಯ ಮೇಲಂಚಿಗೆ ಕೋಲು ಪೋಣಿಸಿ ಕೈಗೆ ಕೊಟ್ಟರು. ಅವನು ಹತ್ತಿದ. ಕೋಲನ್ನು ಎರಡೂ ಕೊಂಡಿಗೆ ಸಿಕ್ಕಿಸಿದ. ನೀಲಿ ಕೌದಿ ಬಿಚ್ಚಿಕೊಂಡು ನೆಲದವರೆಗೆ ಇಳಿಬಿತ್ತು. ಬಿಳಿ ಕೈಗವಸಿನ ಹೆಂಗಸೊಬ್ಬಳು, ಟ್ರೆಂಟ್‌ನ ತಾಯಿ, ಯಾರೂ ಕೇಳದೆಯೇ ಬಂದು ಅದರ ಅಂಚು ಹಿಡಿದು, ಬೆನ್ನನ್ನು ಹೊರಳಿಸಿ ಎಲ್ಲರಿಗೂ ತೋರಿಸಿದಳು. ಕಣ್ರೆಪ್ಪೆಗಳು ಸಾಲಾಗಿ ನಿಂತಿದ್ದವು. ಕೌದಿ ಕಣ್ಣು ಬಿಟ್ಟ ಹಾಗಿತ್ತು.

"ವರ್ಲಿನ್," ಎಂದಳು ಲವೋನ್ ಏಣಿಯ ಬುಡದಿಂದ. ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಗಾಬರಿಯಿತ್ತು. "ಎರಡು ಗಂಟೆಗೆ ಅವರು ಬರ್ತಾರೆ. ಇಳಿಸು ಅದನ್ನ. ಟ್ರೆಂಟ್, ನೀನಾದ್ರೂ ಹೇಳು."

ಟ್ರೆಂಟ್ ತನ್ನ ತಾಯಿಯ ಮುಖ ನೋಡಿದ. ಆಮೇಲೆ ಟೋಪಿಯನ್ನು ಮೇಜಿನ ಮೇಲಿಟ್ಟು ಬಂದು, ಅಲುಗಾಡುತ್ತಿದ್ದ ಏಣಿಯ ಕಾಲನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ.

"ವರ್ಲಿನ್, ಇಳಿಸು ಅಂದೆ."

ವರ್ಲಿನ್ ಏಣಿಯ ತುದಿಯಲ್ಲಿ, ಹತ್ತು ಬೆರಳಿನಲ್ಲೂ ಕೋಲನ್ನು ಹಿಡಿದು, ಕೆಳಗೆ ನೋಡಿದ. ಅರ್ಡಿತ್ ಕಾಫಿ ಲೋಟ ಹಿಡಿದು ಅವನನ್ನೇ ನೋಡುತ್ತಿದ್ದಳು.

"ಇಳಿಸಲ್ಲ ಲವೋನ್," ಎಂದ. "ಒಂದ್ಸಲ ಇಳಿಸಿದ್ದಕ್ಕೇ ಇಷ್ಟೆಲ್ಲ ಆಗಿದ್ದು."